ಕೊಸರಿಗೆ ಹೋದ ಹೆಸರು

ಹೋದ ತಿಂಗಳ ಒಂದು ಶನಿವಾರ, ಈ ಪರದೇಶದಲ್ಲಿ ನಮ್ಮೂರಾದ ಲೂಕನ್‌ನ ದಾನಕ್ಕೆ ಬಂದ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಉಣ್ಣೆಯ ಕೋಟೊಂದಕ್ಕೆ ಚೌಕಾಸಿ ಮಾಡುತ್ತ ನಿಂತಿದ್ದೆ. ಧರ್ಮದ ಅಂಗಡಿಯಲ್ಲೂ ಚೌಕಾಸಿಯೇ ಎಂದು ನೀವು ನಗಬಹುದು. ನಗಿ. ಕೇಳುವುದರಲ್ಲಿ ನಷ್ಟವಿಲ್ಲ ಎಂದುಕೊಂಡೇ ಈ ಊರಿನಲ್ಲಿ ಎರಡು ದಿನಸಿ ಅಂಗಡಿ ಮಾಡಿದವನು ನಾನು. ಅಷ್ಟರಲ್ಲಿ ಕೌಂಟರಿನ ಮುದುಕರು ಯಾವುದೋ ಸಿ.ಡಿ. ಹಾಕಿದರು. ಪಿಯಾನೋ ಎಂಟೆಂಟರ ಎಣಿಕೆಯಲ್ಲಿ ಉರುಳತೊಡಗಿತು, ಅದರ ಮೇಲೊಂದು ಹೆಣ್ಣುದನಿ ಏರಿತು. ನನ್ನ ಕೈ ಕೋಟಿನ ಮೇಲೇ ನಿಂತುಬಿಟ್ಟಿತು. ಎರಡು ವರ್ಷ ಆ ದನಿಯನ್ನು ಪಾತ್ರೆ ತೊಳೆಯುವ ಸದ್ದಿನೊಂದಿಗೆ ಕೇಳಿದ್ದೆ.

ಡಬ್ಬಿಯ ಹಿಂಬದಿ ನೋಡಿದೆ. ಹಳೆಯ ಡಾನ್ಸ್ ಬ್ಯಾಂಡುಗಳ ಹಾಡುಗಳನ್ನು ಯಾರೋ ಆಸಕ್ತರು ಹುಡುಕಿ ಒಟ್ಟುಮಾಡಿದ್ದರು. ಬ್ಯಾಂಡಿನ ಯಜಮಾನನ ಹೆಸರಿತ್ತು, ಪಿಯಾನೋದವನ ಹೆಸರಿತ್ತು, ತುತ್ತೂರಿಯವನದೂ ಇತ್ತು. ಕೆಳಗೆ, 'ಗಾಯಕಿ: ತಿಳಿದಿಲ್ಲ.'

ನನಗೆ ತಿಳಿದಿದೆ. ನೋರಾ.

ಮೈಸೂರಿನಿಂದ ಓದಲು ಬಂದಾಗ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಗಲೇ ಅವರಿಗೆ ಎಂಬತ್ತು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಏಳದೆ 'ನೋರಾ ಮೇಡಂ' ಎನ್ನುತ್ತಿದ್ದೆ.

"ಮೇಡಂ ಅಂತೆ. ಹೆಸರಿದೆ ಕಣೋ ನನಗೆ, ಅದನ್ನೇ ಕರಿ."

ಪಾತ್ರೆ ತೊಳೆಯುವಾಗ ಎಡಗೈಯಲ್ಲಿ ಸಿಂಕಿನ ಅಂಚು ತಟ್ಟುತ್ತ ಬೂಗಿ-ವೂಗಿ ಎಂಬ ಕುಣಿತದ ಹಾಡು ಹಾಡುವರು. ನಮ್ಮ ಆದಿತಾಳಕ್ಕೂ ಎಂಟೇ ಎಣಿಕೆ ಎಂದೆ ಒಮ್ಮೆ. "ಹಾಗಾದ್ರೆ ಸುಮ್ನೆ ಯಾಕೆ ನಿಂತಿದ್ದೀಯ, ತಟ್ಟು," ಎಂದು ಒದ್ದೆ ಬಟ್ಟೆ ಎಸೆದರು.

ಹತ್ತೊಂಬತ್ತರ ವಯಸ್ಸಿನಲ್ಲಿ ಬ್ಯಾಂಡಿನ ಜೊತೆ ಊರೂರು ಸುತ್ತಿದವರು. ಗ್ರಾಮಫೋನ್ ಪ್ಲೇಟಿನ ಮೇಲೆ ಯಜಮಾನನ ಹೆಸರು ದಪ್ಪಕ್ಷರದಲ್ಲಿ, ಅದರಡಿ ಸಣ್ಣಗೆ 'ಹಾಡಿನೊಂದಿಗೆ' ಎಂದಷ್ಟೇ ಅಚ್ಚಾಗುತ್ತಿತ್ತಂತೆ. "ಚಹಾ, ಹಾಲಿನೊಂದಿಗೆ ಅನ್ನೋ ಹಾಗೆ," ಎಂದು ನಗುತ್ತಿದ್ದರು. ಮದುವೆಯಾಯಿತು, ಹಾಡು ನಿಂತಿತು. ಉಳಿದದ್ದು ಅಚ್ಚಿಗೆ ಮುಂಚೆ ತೆಗೆದ ಒಂದೇ ಒಂದು ಮಾದರಿ ಪ್ಲೇಟು. ಧ್ವನಿ ಮುದ್ರಿಸಿದವನು ಅದರ ಮೇಲೆ ಬಿಳಿ ಶಾಯಿಯಲ್ಲಿ ಅವರ ಮದುವೆಗೆ ಮುಂಚಿನ ಪೂರ್ತಿ ಹೆಸರು ಬರೆದುಕೊಟ್ಟಿದ್ದ. ನನಗೆ ತೋರಿಸಿ, "ನಾನು ಹಾಡಿದ್ದೆ ಅನ್ನೋದಕ್ಕೆ ಇದೊಂದೇ," ಎಂದರು.

ನಾನು ಕೇಳಿದೆ: "ಮಾರಿದರೆ ಎಷ್ಟು ಬರಬಹುದು ಮೇಡಂ?"

ಅವರು ವೃದ್ಧಾಶ್ರಮ ಸೇರುವ ಕಾಲ ಬಂದಾಗ ಮನೆಯ ಸಾಮಾನು ಮಾರುವ ಕೆಲಸ ನನಗೇ ಬಿತ್ತು. ಹಳೇ ಸಾಮಾನಿನ ವ್ಯಾಪಾರಿ ಬಂದ. ಬೀರು, ಮೇಜು, ಗ್ರಾಮಫೋನು ನೋಡಿದ; ನಾನು ಹೇಳಿದ ಬೆಲೆಗೆ ಆಗದೆಂದು ತಲೆಯಾಡಿಸಿ ಬಾಗಿಲತ್ತ ಹೆಜ್ಜೆ ಹಾಕಿದ. ಮೈಸೂರಿನ ಮಾರುಕಟ್ಟೆಯಲ್ಲಿ ಅಮ್ಮನ ಪಕ್ಕ ಕೂತು ಸೊಪ್ಪು ಮಾರಿ ಬೆಳೆದವನು ನಾನು. ಗಿರಾಕಿ ಹೆಜ್ಜೆ ಕಿತ್ತರೆ ಬೆಲೆ ಇಳಿಸಬೇಡ, ಕೊಸರು ಹಾಕು ಎನ್ನುತ್ತಿದ್ದಳು ಅಮ್ಮ. ನಾಲ್ಕೆಳೆ ಕೊತ್ತಂಬರಿ ಹಾಕಿದರೆ ಹೋದವಳು ತಿರುಗಿ ಬರುತ್ತಿದ್ದಳು. ನೋರಾ ಆ ಪ್ಲೇಟನ್ನು ದಿಂಬಿನ ಚೀಲದಲ್ಲಿ ಸುತ್ತಿ, ಕಿಟಕಿಯ ಬಳಿ ಬೇರೆ ಇಟ್ಟಿದ್ದರು. ಅದನ್ನೆತ್ತಿ ಗ್ರಾಮಫೋನಿನ ಮೇಲಿಟ್ಟೆ. "ಇದೂ ಸೇರಿಸ್ಕೊಳ್ಳಿ." ವ್ಯಾಪಾರ ಕುದುರಿತು. ಗೊತ್ತಿಲ್ಲದೆ ಕೊಟ್ಟೆ ಎಂದು ಬರೆಯಬಹುದಿತ್ತು, ಗೊತ್ತಿತ್ತು. ಗ್ರಾಮಫೋನೇ ಹೋದ ಮೇಲೆ ಪ್ಲೇಟು ಇಟ್ಟುಕೊಂಡು ಏನು ಮಾಡುತ್ತಾರೆ ಎಂದುಕೊಂಡಿದ್ದೆ.

ಸಂಜೆ ಅವರು ಕಿಟಕಿಯ ಬಳಿ ನಿಂತರು.

"ಇಲ್ಲೊಂದಿತ್ತಲ್ಲ?"

"ಎಲ್ಲ ಸೇರಿ ಒಳ್ಳೇ ರೇಟು ಬಂತು ಮೇಡಂ."

"ಗ್ರ್ಯಾಂಡ್," ಎಂದರು.

ಹೊಸದಾಗಿ ಬಂದವರಿಗೆ ಒಂದು ಬುದ್ಧಿಮಾತು: ಈ ದೇಶದವರು 'ಗ್ರ್ಯಾಂಡ್' ಅಂದರೆಂದು ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ಒಮ್ಮೆ ಮುಖ ನೋಡಿ. ನಾನು ನೋಡಲಿಲ್ಲ. ಆಮೇಲೆ ಅಡುಗೆಮನೆಯಿಂದ ನಲ್ಲಿಯ ಸದ್ದಷ್ಟೇ ಬರುತ್ತಿತ್ತು. ಮುಂದಿನ ಚಳಿಗಾಲ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ.

ಕೋಟು ಬಿಟ್ಟು ಸಿ.ಡಿ. ತಂದೆ. ಅದನ್ನು ಹೊರತಂದವರಿಗೆ ಪತ್ರ ಬರೆದೆ. ಮರ್ಯಾದೆಯ ಉತ್ತರ ಬಂತು: ತಿಳಿಸಿದ್ದಕ್ಕೆ ಸಂತೋಷ, ಹಾಡುತ್ತಿದ್ದ ಕಾಲದ ಅವರ ಪೂರ್ತಿ ಹೆಸರೇನು, ಅದಿರುವ ಕಾಗದವೋ ಪ್ಲೇಟೋ ಏನಾದರೂ ಇದೆಯೇ?

ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿದಳು. "ಪೂರ್ತಿ ಹೆಸರು ಏನ್ರೀ?"

ನೆನಪಿಲ್ಲ. ಬಿಳಿ ಶಾಯಿ ನೆನಪಿದೆ, ಅಕ್ಷರ ಬಲಕ್ಕೆ ವಾಲಿದ್ದು ನೆನಪಿದೆ. ನಾನು ಆಗ ಬೆಲೆಯ ಯೋಚನೆಯಲ್ಲಿದ್ದೆ.

"ಊರಿಗೆಲ್ಲ ಬುದ್ಧಿ ಹೇಳ್ತೀರ," ಎಂದು ಅವಳು ಒಳಗೆ ಹೋದಳು.

ಆ ವ್ಯಾಪಾರಿಯ ಗೋದಾಮಿದ್ದ ಕಡೆ ಈಗ ಫ್ಲ್ಯಾಟುಗಳಿವೆ. ಹೋಗಿ ನೋಡಿ ಬಂದೆ. ಇನ್ನುಳಿದಿರುವುದು ನೀವು. ಯಾವುದಾದರೂ ಸಂತೆಯಲ್ಲಿ, ಯಾರದೋ ಅಟ್ಟದಲ್ಲಿ, ಬಿಳಿ ಶಾಯಿಯಲ್ಲಿ 'ನೋರಾ' ಎಂದು ಶುರುವಾಗುವ ಕಪ್ಪು ಪ್ಲೇಟೊಂದು ಸಿಕ್ಕರೆ, ಮೊದಲು ಹೆಸರನ್ನು ಕೊನೆಯವರೆಗೆ ಓದಿ. ಆಮೇಲೆ ಮಾರುವವರು ಹೇಳಿದಷ್ಟು ಕೊಟ್ಟುಬಿಡಿ. ಕೊಸರು ಕೇಳಬೇಡಿ.