ಶ್ರುತಿ ಇಳಿಸಿದವರು

ನಾರ್ವೆ ದೇಶದ ಒಂದು ರಾಕ್ ತಂಡದ ಹಿಂದೆ ನಾನು ಇಪ್ಪತ್ತು ವರ್ಷದಿಂದ ಬಿದ್ದಿದ್ದೇನೆ. ಅಮ್ಮ ಹಾಡುಗಾರ್ತಿ, ಲಕ್ಷ್ಮೀಪುರಂನ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳುವವಳು. ಅವಳ ಮಗಳಿಗೆ ಇದೆಂಥ ಹುಚ್ಚು ಎಂದು ನೆಂಟರು ಕೇಳುತ್ತಿದ್ದರು. ಅಮ್ಮನ ಸಂಗೀತ ಕಚೇರಿಗಳಲ್ಲಿ ಕೂತು ಕೂತು ನನಗೆ ಸಾಕಾಗಿತ್ತು, ಅಷ್ಟೇ. ಕಾಲೇಜಿನ ಗೆಳತಿ ಕೊಟ್ಟ ಸಿ.ಡಿ.ಯಲ್ಲಿ ಆ ತಂಡದ ಮೊದಲ ಆಲ್ಬಂ ಇತ್ತು. ಒಟ್ಟು ನಾಲ್ವರು, ಗಾಯಕನಂತೂ ಜೀವ ಹೋಗುವ ಹಾಗೆ ಕಿರುಚುತ್ತಿದ್ದ.

ಅಮ್ಮ ಅಡುಗೆಮನೆಯಿಂದಲೇ ವಿಮರ್ಶೆ ಮಾಡುತ್ತಿದ್ದಳು. ಮೊದಲ ಆಲ್ಬಂ ಕೇಳಿ, "ಯಾಕೇ, ಅವನಿಗೇನು ಹೊಟ್ಟೆನೋವಾ?" ಎಂದಳು. ಎರಡನೆಯದು ಬಂದಾಗ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ ತೊಡೆಯ ಮೇಲೆ ತಾಳ ಹಾಕಿದಳು. "ಏಳಕ್ಷರ ಕಣೇ, ಮಿಶ್ರ ಛಾಪು. ಪರವಾಗಿಲ್ಲ, ಲೆಕ್ಕ ಗೊತ್ತಿದೆ." ಮೂರನೆಯದರ ಹೊತ್ತಿಗೆ ಅವರು ಯುರೋಪಿನಲ್ಲೆಲ್ಲ ಹೆಸರು ಮಾಡಿದ್ದರು. ಅಮ್ಮ ಒಂದೇ ಹಾಡು ಕೇಳಿ, "ಗಂಟಲು ಹೋಗ್ತಾ ಇದೆ. ಇಳಿಸ್ಕೊಂಡು ಹಾಡೋ ಅಂತ ಹೇಳೋರು ಯಾರೂ ಇಲ್ವಾ ಅವನಿಗೆ?" ಎಂದಳು.

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಮ್ಮನಿಗೆ ಹೇಳುವವರು ಇದ್ದರಲ್ಲ, ನಾನೇ ಹೇಳಿದ್ದೆನಲ್ಲ! ಅದಕ್ಕೆ ಎರಡು ವರ್ಷ ಮೊದಲು, ಜಯಲಕ್ಷ್ಮಿಪುರಂನಲ್ಲಿ ರಾಮನವಮಿಯ ಕಚೇರಿ. ಮೇಲಿನ ಷಡ್ಜದಲ್ಲಿ ಅವಳ ದನಿ ಒಡೆಯಿತು. ಗುರುಗಳು ಕೊಟ್ಟ ಶ್ರುತಿಯನ್ನು ಇಳಿಸುವುದೆಂದರೆ ಅವಳಿಗೆ ಮಾನ ಹೋದ ಹಾಗೆ. ಆಟೋದಲ್ಲಿ ಬರುವಾಗ, "ಹೇಗಿತ್ತೇ?" ಎಂದು ಕೇಳಿದಳು. "ಮೇಲೆ ಅಪಸ್ವರ ಬಂತು, ಇಳಿಸ್ಕೋಬೇಕಿತ್ತು," ಎಂದುಬಿಟ್ಟೆ. ಮರುದಿನದಿಂದ ಮಕ್ಕಳಿಗೆ ವೀಣೆ ಮೀಟಿ ಪಾಠ ಹೇಳಿದಳೇ ಹೊರತು ಬಾಯಿ ಬಿಟ್ಟು ಹಾಡಲಿಲ್ಲ. ಯಥಾರ್ಥವಾದಿ ಲೋಕವಿರೋಧಿ ಅಂತಾರೆ; ನಾನು ಹೆತ್ತಮ್ಮನಿಗೇ ವಿರೋಧಿಯಾದೆ. ಆ ಮಾತನ್ನು ನುಂಗಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಕೊರಗಿದ್ದೇನೆ.

ನಾರ್ವೆಯವರ ವಿಷಯದಲ್ಲಿ ಅಮ್ಮ ಹೇಳಿದ್ದೇ ಆಯಿತು. ಗಾಯಕನ ಗಂಟಲಿಗೆ ಆಪರೇಷನ್ ಆಯಿತು, ಡ್ರಮ್ಸ್ ನುಡಿಸುವವನು ಬಿಟ್ಟು ಹೋದ, ತಂಡ ಏಳೆಂಟು ವರ್ಷ ಸದ್ದಿಲ್ಲದೆ ಕೂತಿತು. ಹೋದ ವರ್ಷ ಉಳಿದ ಮೂವರು ಮತ್ತೆ ಸೇರಿ, ಮೊದಲ ಆಲ್ಬಂನ ಹಾಡೊಂದನ್ನು ಹೊಸದಾಗಿ ಹಾಡಿದರು. ಅದನ್ನು ಫೋನಿನಲ್ಲಿ ಹಾಕಿದೆ. ಅಮ್ಮ ಸೌಟು ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಇವನು ಆ ಹೊಟ್ಟೆನೋವಿನವನಾ?"

"ಹೂಂ."

"ಶ್ರುತಿ ಇಳಿಸಿದಾನೆ." ಕೊನೆಯವರೆಗೂ ಕೇಳಿದಳು. "ನಾಚಿಕೇನೇ ಪಟ್ಕೊಂಡಿಲ್ಲ ನೋಡು," ಎಂದು ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಒಳಗಿನ ಕೋಣೆಯಲ್ಲಿ ಶ್ರುತಿಪೆಟ್ಟಿಗೆಯ ಸದ್ದಾಯಿತು, ಅವಳ ಹಳೆಯ ಶ್ರುತಿಗಿಂತ ಕೆಳಗೆ. ಆಮೇಲೆ ಅಮ್ಮನ ದನಿ. ಗೊಗ್ಗರಾಗಿತ್ತು, ಅಲ್ಲಲ್ಲಿ ಉಸಿರು ಸಾಲುತ್ತಿರಲಿಲ್ಲ. ಸ್ಟೌ ಆರಿಸಿ ನಿಂತೆ. ಅಳು ಬಂತು.

ಹಾಡು ಮುಗಿಸಿ ಬಂದವಳು, "ಹೇಗಿತ್ತೇ?" ಎಂದಳು.

"ಚೆನ್ನಾಗಿತ್ತಮ್ಮ."

"ಸುಳ್ಳು ಹೇಳ್ಬೇಡ. ಮೇಲಿನ ಷಡ್ಜ ಮುಟ್ಲೇ ಇಲ್ಲ. ನಾಳೆ ಇನ್ನೊಂಚೂರು ಇಳಿಸ್ತೀನಿ."