ಸೂಜಿಯಕ್ಕ ಆಕಾಶದಲ್ಲಿ ಲಾಗ ಹಾಕಿದ್ದು

ರೆಕ್ಕೆ ಇದ್ದದ್ದೆಲ್ಲ ಆಕಾಶದಲ್ಲಿ ಲಾಗ ಹಾಕುತ್ತದೆಯೇ? ಈ ಪ್ರಶ್ನೆಯನ್ನು ಸೂಜಿಯಕ್ಕನ ಮುಂದೆ ಮಾತ್ರ ಎತ್ತಬಾರದು. ಎತ್ತಿದಿರೋ, ನಿಮ್ಮ ಕೈಯಲ್ಲಿರುವ ಟೀ ಆರಿ ತಣ್ಣಗಾಗುವುದು ಗ್ಯಾರಂಟಿ.

"ದೊಡ್ಡ ಪ್ರಯಾಣಿಕರ ವಿಮಾನಾನೂ ಪಳಗಿದ ಕೈಗೆ ಸಿಕ್ರೆ ನಿಧಾನಕ್ಕೆ ಒಂದು ಉರುಳು ಉರುಳೀತು. ಆದ್ರೆ ಅದನ್ನ ಆ ಕೆಲಸಕ್ಕೆ ಅಂತ ಕಟ್ಟಿಲ್ಲ, ಮೈ ಉಳುಕಿದ್ರೆ ಯಾರು ನೋಡ್ಕೋತಾರೆ? ಹೆಲಿಕಾಪ್ಟರ್‌ಗಳಲ್ಲಿ ಕೆಲವಕ್ಕೆ ಮಾತ್ರ ಆಗುತ್ತೆ, ಮೇಲಿನ ರೆಕ್ಕೆ ಬುಡದಲ್ಲಿ ಬಿಗಿಯಾಗಿರೋವಕ್ಕೆ. ಮಿಕ್ಕದ್ದು ಹಠ ಮಾಡಿದ್ರೆ ತನ್ನ ಬಾಲ ತಾನೇ ಕತ್ತರಿಸ್ಕೊಳ್ಳುತ್ತೆ. ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಇಂಜಿನ್ ವಿಮಾನ ಬೋರಲಾದ್ರೆ ಪೆಟ್ರೋಲ್ ಸರಿಯಾಗಿ ಹೋಗಲ್ಲ, ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತೆ. ಗ್ಲೈಡರ್‌ಗೆ ಆ ತಾಪತ್ರಯಾನೇ ಇಲ್ಲ! ಇಂಜಿನ್ನೇ ಇಲ್ದಿದ್ಮೇಲೆ ಕೆಮ್ಮೋದು ಯಾರು? ಮೂತಿ ತಗ್ಗಿಸಿ, ವೇಗ ಕೂಡಿಸ್ಕೊಂಡು ಎತ್ತಿದ್ರೆ ದುಂಡಗೆ ಸುತ್ತಿ ಬರುತ್ತೆ."

ಇದನ್ನೆಲ್ಲ ಹೆಚ್ಚಾಗಿ ಕೇಳಬೇಕಾದವನು ಅವಳ ಗಂಡ, ಸಿಟಿ ಬಸ್ಸಿನ ಡ್ರೈವರ್. "ನನ್ನ ಬಸ್ಸೂ ಲಾಗ ಹಾಕುತ್ತೆ ಕಣೇ, ಒಂದೇ ಒಂದ್ಸಲ" ಎಂದು ಅವನು ಮಗ್ಗುಲು ಬದಲಿಸುತ್ತಾನೆ.

ಇಷ್ಟು ಮಾತಾಡುವ ಸೂಜಿಯಕ್ಕ ಹೊಲಿಗೆಯವಳಾಗಿ ಕ್ಲಬ್ಬಿಗೆ ಬಂದವಳು. ಗ್ಲೈಡರ್ ಸೀಟುಗಳಿಗೆ ಗವುಸು ಹೊಲಿಯಲು ಮೂರು ದಿನಕ್ಕೆಂದು ಕರೆಸಿದ್ದರು. ಮೂರನೆಯ ದಿನ ಅವಳ ಕೈಗೊಂದು ಸ್ಪ್ಯಾನರ್ ಸಿಕ್ಕಿತು. ಅಂದಿನಿಂದ ಇಪ್ಪತ್ತೆರಡು ವರ್ಷ ಅಲ್ಲೇ ಮೆಕ್ಯಾನಿಕ್ ಸಹಾಯಕಿಯಾಗಿ ದುಡಿದಳು. ಆದರೆ ನೆಲದಿಂದ ಒಂದು ಗೇಣೂ ಮೇಲೆ ಹೋದವಳಲ್ಲ. ಯಾಕೆಂದರೆ ಹಿರಿಯ ಮೆಕ್ಯಾನಿಕ್ ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು: ರಿಪೇರಿ ಪುಸ್ತಕದಲ್ಲಿ ಯಾರು ಸಹಿ ಹಾಕುತ್ತಾರೋ ಅವರೇ ಮೊದಲ ಹಾರಾಟದಲ್ಲಿ ಕೂರಬೇಕು. ಸಹಾಯಕಿಗೆ ಸಹಿಯೂ ಇಲ್ಲ, ಸೀಟೂ ಇಲ್ಲ.

ಸಹಿಯ ಲೈಸೆನ್ಸು ಹನ್ನೊಂದು ವರ್ಷದ ಹಿಂದೆಯೇ ಸಿಗಬೇಕಿತ್ತು. ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಗೋಡೆಯಲ್ಲೊಂದು ಹಲಗೆಯಿದೆ. ಪ್ರತಿ ಉಪಕರಣದ ಆಕಾರವನ್ನು ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆದು, ಅದರದರ ಮೇಲೆ ಅದದನ್ನೇ ತೂಗುಹಾಕಿರುತ್ತಾರೆ. ಆಗ ಗಿಡ್ಡ ಸ್ಕ್ರೂಡ್ರೈವರ್ ಒಂದು ಕಾಣೆಯಾಯಿತು. ಟಾರ್ಚ್ ಹಾಕಿ ಎಲ್ಲ ಕಡೆ ಹುಡುಕಿದರೂ ಸಿಗಲಿಲ್ಲ. "ನಾನಂತೂ ಎಲ್ಲೂ ಬಿಟ್ಟು ಬರೋನಲ್ಲ, ಇವಳೇ ಎಲ್ಲೋ ಕಳೆದಿದ್ದಾಳೆ" ಎಂದರು ಮೇಷ್ಟ್ರು. ಅಷ್ಟೇ, ಅವಳ ಅರ್ಜಿ ಮೂಲೆ ಸೇರಿತು. ಆ ಖಾಲಿ ಕಪ್ಪು ಆಕಾರ ಅಂದಿನಿಂದ ದಿನಾ ಬೆಳಿಗ್ಗೆ ಅವಳನ್ನು ದುರುಗುಟ್ಟಿ ನೋಡುತ್ತಿತ್ತು.

ಕೊನೆಗೂ ಈ ವರ್ಷ ಲೈಸೆನ್ಸು ಬಂತು! ಕ್ಲಬ್ಬಿಗೆ ಲಾಗ ಕಲಿಸಬಲ್ಲ ಪೈಲಟ್ ಹುಡುಗಿಯೂ ಬಂದಳು. ಇಷ್ಟು ವರ್ಷ ನೆಟ್ಟಗೆ ಮಾತ್ರ ಹಾರುತ್ತಿದ್ದ ಹಳೆಯ ಎರಡು ಸೀಟಿನ ಗ್ಲೈಡರ್ ಒಂದು ಬೆಳಿಗ್ಗೆ ಮೊದಲ ಬಾರಿಗೆ ಲಾಗ ಹಾಕಬೇಕಿತ್ತು, ಸಹಿ ಸೂಜಿಯಕ್ಕನದು, ಹಿಂದಿನ ಸೀಟೂ ಅವಳದೇ. ಲಾಗಕ್ಕೆ ಆಕಾಶ ಬಿಟ್ಟುಕೊಟ್ಟಿದ್ದುದು ಹನ್ನೊಂದು ಗಂಟೆಯವರೆಗೆ ಮಾತ್ರ. ಗಂಡ ರಜೆ ಹಾಕಿ ಬೇಲಿಯಾಚೆ ಬಂದು ನಿಂತಿದ್ದ.

ಎಂಟು ಗಂಟೆಗೆ ಸೀಟಿನ ಬೋಲ್ಟು ಬಿಗಿದು, ಉಪಕರಣಗಳನ್ನು ಹಲಗೆಗೆ ಹಾಕಿ ಲೆಕ್ಕ ನೋಡಿದಳು. ಹತ್ತನೇ ನಂಬರ್ ಸ್ಪ್ಯಾನರ್ ಇಲ್ಲ!

ತಕ್ಷಣ ನೆನಪಾಯಿತು. ಎರಡೂ ಕೈ ಬೇಕಾದಾಗ ಹೊಲಿಗೆಯವರು ಸೂಜಿಯನ್ನು ಹತ್ತಿರದ ಬಟ್ಟೆಗೆ ಚುಚ್ಚಿಡುತ್ತಾರಲ್ಲ, ಹಾಗೆ ಅವಳು ಸ್ಪ್ಯಾನರನ್ನು ಸೀಟಿನ ಹೊಲಿಗೆಗೆ ಸಿಕ್ಕಿಸಿದ್ದಳು. ಅದು ಜಾರಿ ಹಿಂದಿನ ತೂತಿನಿಂದ ಒಳಗೆ ಇಳಿದಿರಬೇಕು. ನೆಟ್ಟಗೆ ಹಾರಿದರೆ ತೆಪ್ಪಗೆ ಬಿದ್ದಿರುತ್ತದೆ. ಬೋರಲಾದರೆ ಹಾರಿ ಹೋಗಿ ಬಾಲವನ್ನು ಆಡಿಸುವ ಸರಳಿಗೆ ಸಿಕ್ಕಿಕೊಂಡೀತು. ಆಮೇಲೆ ಮೂತಿ ಎತ್ತುವುದೇ ಸಾಧ್ಯವಿಲ್ಲ.

ಯಾರೂ ನೋಡಿರಲಿಲ್ಲ. ಬಾಯಿ ಬಿಟ್ಟರೆ ಮೊದಲ ಸಹಿಯೇ ಮಣ್ಣುಪಾಲು, ಹನ್ನೊಂದು ವರ್ಷದ ಹಿಂದಿನ ಅಪವಾದಕ್ಕೂ ತಾನೇ ಮೊಹರು ಒತ್ತಿದಂತೆ. ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ನೇರವಾಗಿ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಮೇಷ್ಟ್ರೇ, ಹತ್ತನೇ ನಂಬರ್ ಒಳಗೆ ಬಿದ್ದಿದೆ. ನಾನೇ ಬೀಳಿಸಿದ್ದು."

"ನಂಗೊತ್ತಿತ್ತು!" ಎಂದರು ಮೇಷ್ಟ್ರು. "ಮುಗೀತು, ಹಾರೋದು ಬೇಡ ಇವತ್ತು."

"ಯಾಕೆ ಬೇಡ? ಮೇಲೆ ಹಾಕೋ ಲಾಗಾನ ಮೊದಲು ನೆಲದ ಮೇಲೇ ಹಾಕಿಸೋಣ. ರೆಕ್ಕೆ ಬಿಚ್ಚಿ!"

ಪೈಲಟ್ ಹುಡುಗಿ ಚಪ್ಪಾಳೆ ತಟ್ಟಿದಳು. ಇಬ್ಬರೂ ಪಿನ್ನು ಎಳೆದು ರೆಕ್ಕೆ ಕಳಚಿದರು, ಹಳೆಯ ಟೈರುಗಳನ್ನು ಸಾಲಾಗಿಟ್ಟರು. ಗಂಡನನ್ನೂ ಒಳಕ್ಕೆ ಕೂಗಿದರು. ಗೊಣಗುತ್ತಲೇ ಮೇಷ್ಟ್ರೂ ಕೈ ಕೊಟ್ಟರು. "ಒಂದು, ಎರಡು, ಹಾಂ!" ಗ್ಲೈಡರ್ ಮೈ ಮಗ್ಗುಲಾಯಿತು, ಬೋರಲಾಯಿತು.

ಟಣ್! ಸ್ಪ್ಯಾನರ್ ಸೀಟಿನ ಹಿಂದಿನಿಂದ ಜಾರಿ ಹೊರಬಿತ್ತು. ಸೂಜಿಯಕ್ಕ ಅದನ್ನು ಬಾಚಿಕೊಂಡಳು. ಅಷ್ಟರಲ್ಲಿ ಬಾಲದ ಒಳಗಿನಿಂದ ಇನ್ನೊಂದು ಸದ್ದು ಬಂತು. ಟಣ್.

"ಎರಡು ಬೀಳಿಸಿದ್ಯಾ?" ಎಂದರು ಮೇಷ್ಟ್ರು.

ಅವಳು ಬಾಲದ ಮುಚ್ಚಳ ತೆಗೆದು ಕೈ ಹಾಕಿದಳು. ಸಿಕ್ಕಿದ್ದು ತುಕ್ಕು ಹಿಡಿದ ಗಿಡ್ಡ ಸ್ಕ್ರೂಡ್ರೈವರ್. ಹಿಡಿಗೆ ಮೇಷ್ಟ್ರು ಸುತ್ತಿದ ನೀಲಿ ಟೇಪು ಹಾಗೇ ಇತ್ತು. ಆ ಕಾಲದಲ್ಲಿ ಸಹಾಯಕರು ಬಾಲದೊಳಗೆ ಕೈ ಹಾಕುವಂತಿರಲಿಲ್ಲ. ಆ ಕಟ್ಟಳೆಯೂ ಮೇಷ್ಟ್ರದೇ.

ಮೇಷ್ಟ್ರ ಮುಖ ಇಳಿದುಹೋಯಿತು. "ತಗೋಮ್ಮ, ಹಲಗೆಗೆ ಹಾಕು" ಎಂದರು, ಸಣ್ಣ ದನಿಯಲ್ಲಿ.

"ನೀವು ಬಿಟ್ಟಿದ್ದು, ನೀವೇ ಹಾಕಿ. ಪುಸ್ತಕದಲ್ಲೂ ನೀವೇ ಬರೀರಿ."

ಮೇಷ್ಟ್ರು ಹೋಗಿ ಹಾಕಿದರು. ಪುಸ್ತಕದಲ್ಲಿ 'ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದರು. ಗ್ಲೈಡರನ್ನು ಮತ್ತೆ ನೆಟ್ಟಗೆ ಮಾಡಿ ರೆಕ್ಕೆ ಜೋಡಿಸಿ, ಮೇಷ್ಟ್ರು ಮತ್ತು ಅವಳು ಬೇರೆಬೇರೆಯಾಗಿ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿದ ಮೇಲೆ, ಅದರ ಕೆಳಗೇ ಸೂಜಿಯಕ್ಕ ತನ್ನ ಜೀವನದ ಮೊದಲ ಸಹಿ ಹಾಕಿದಳು. ಆಗ ಹತ್ತೂವರೆ.

ಇಂಜಿನ್ ವಿಮಾನ ಹಗ್ಗ ಕಟ್ಟಿ ಎಳೆದೊಯ್ದು ಮೇಲೆ ಬಿಟ್ಟಿತು. ಮೂತಿ ತಗ್ಗಿತು, ಗಾಳಿ ಶಿಳ್ಳೆ ಹಾಕಿತು, ಮೈಯೆಲ್ಲ ಸೀಟಿಗೆ ಒತ್ತಿಕೊಂಡಿತು. ನೆಲ ಮಾಯವಾಯಿತು. ಆಮೇಲೆ ಅದೇ ನೆಲ ತಲೆಯ ಮೇಲಿತ್ತು! ಹ್ಯಾಂಗರ್, ಬೇಲಿ, ಚುಕ್ಕಿಯಂತೆ ನಿಂತ ಗಂಡ, ಎಲ್ಲ ಮೇಲೆ. ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಎಲ್ಲೂ ಟಣ್ ಎನ್ನಲಿಲ್ಲ.

"ಅಕ್ಕಾ, ಹೇಗಿದ್ದೀರಿ? ಭಯ ಆಯ್ತಾ?" ಮುಂದಿನ ಸೀಟಿನಿಂದ ಹುಡುಗಿ ಕೂಗಿದಳು.

"ಹನ್ನೊಂದಕ್ಕೆ ಇನ್ನೂ ಎಷ್ಟು ನಿಮಿಷ ಇದೆ?"

"ಎಂಟು!"

"ಹಾಗಾದ್ರೆ ಹಾಕಮ್ಮ ಇನ್ನೊಂದು! ಹನ್ನೊಂದು ವರ್ಷದ್ದು ಬಾಕಿ ಇದೆ."