ಹಳ್ಳದ ಕಲ್ಲು

ವಾರದಲ್ಲಿ ಐದು ದಿನ ಶಾಲೆಯ ಬಸ್ಸು ಓಡಿಸುವುದು, ಭಾನುವಾರ ಬೆಂಕಿ ಕಾಯುವುದು. ವರ್ಡೆಲ್ ಐರನ್ ರೋಪ್‌ನ ಬಾಳು ಈ ಎರಡರಲ್ಲೇ ಸವೆದಿತ್ತು. ಕೈಲ್ ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವನ ಬಸ್ಸು ಹತ್ತಿದವರೇ. ಅವನಿಗೆ ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಆದರೆ ಕಲ್ಲಿನ ವಿಷಯ ಬಂತೆಂದರೆ ಮುಗಿಯಿತು, ಅಷ್ಟು ಕಿರಿಕಿರಿಯ ಮನುಷ್ಯ ಮೂಲನಿವಾಸಿಗಳ ಸೀಮೆಯಾದ ಪೈನ್ ರಿಡ್ಜ್‌ನಲ್ಲಿ ಇನ್ನೊಬ್ಬನಿರಲಿಲ್ಲ.

ಕತ್ತಲ ಗುಡಿಸಿಲಿನಲ್ಲಿ ಕಾದ ಕಲ್ಲಿಗೆ ನೀರು ಹಾಕಿ, ಆವಿಯಲ್ಲಿ ಬೆವರುತ್ತಾ ಮಾಡುವ ಪ್ರಾರ್ಥನೆಗೆ ಇನಿಪಿ ಎನ್ನುತ್ತಾರೆ. ಆ ಗುಡಿಸಿಲಿಗೆ ಹೋಗುವ ಕಲ್ಲುಗಳಿಗೆ ನಮ್ಮಲ್ಲಿ ಅಜ್ಜಂದಿರು ಎಂದೇ ಹೆಸರು. ಅವು ಬೆಟ್ಟದ ಕಡೆಯ ತೂತು ತೂತಾದ ಕರಿಗಲ್ಲುಗಳೇ ಆಗಬೇಕು. ಹಳ್ಳದ ಕಲ್ಲು ನೀರು ಕುಡಿದಿರುತ್ತದೆ, ಕಾದರೆ ಸಿಡಿಯುತ್ತದೆ. ಇದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹಾಗಿದ್ದೂ ಹತ್ತೊಂಬತ್ತು ವರ್ಷಗಳ ಹಿಂದೆ ವರ್ಡೆಲ್ ಕಾಯಿಸಿದ ಕಲ್ಲುಗಳ ನಡುವೆ ಒಂದು ಹಳ್ಳದ ಕಲ್ಲು ಸೇರಿಕೊಂಡಿತ್ತು. ಕತ್ತಲ ಗುಡಿಸಿಲಿನೊಳಗೆ ನೀರು ಬಿದ್ದ ಕೂಡಲೇ ಅದು ಸಿಡಿಯಿತು, ಚೂರೊಂದು ಎಮರಿಯ ಬಲಗಣ್ಣಿಗೆ ಹೊಕ್ಕಿತು. ಎಮರಿ ಎಂದರೆ ವರ್ಡೆಲ್‌ನ ಸ್ವಂತ ಅಣ್ಣ, ನೀರು ಹಾಕಿ ಇನಿಪಿ ನಡೆಸುವವನು. ಆಸ್ಪತ್ರೆಯಿಂದ ಅವನು ಒಂದೇ ಕಣ್ಣಿನಲ್ಲಿ ಮನೆಗೆ ಬಂದ.

"ನನ್ನ ತಪ್ಪು. ನಾನು ಸರಿಯಾಗಿ ನೋಡ್ಲಿಲ್ಲ," ಎಂದು ವರ್ಡೆಲ್ ಅವತ್ತು ಯಾರೂ ಕೇಳುವ ಮೊದಲೇ ಹೇಳಿಬಿಟ್ಟಿದ್ದ. ಆ ಕಲ್ಲನ್ನು ಎತ್ತಿ ತಂದ ನೆನಪು ಅವನಿಗಿರಲಿಲ್ಲ. ಆದರೆ ಕಲ್ಲು ಆರಿಸುವವನು ಅವನೊಬ್ಬನೇ ಅಲ್ಲವೇ? ಅಂದಿನಿಂದ ಅವನು ಬೆಂಕಿ ಕಾಯ್ದನೇ ಹೊರತು ಗುಡಿಸಿಲಿನೊಳಗೆ ಕಾಲಿಡಲಿಲ್ಲ. ಅವ್ವ ತೀರಿಕೊಂಡಾಗಿನ ಇನಿಪಿಗೂ ಹೊರಗೇ ನಿಂತು ಅತ್ತ. ನಮ್ಮ ರೂಢಿಯಂತೆ ಹೊಗೆಸೊಪ್ಪು ಕೊಟ್ಟು ಅಣ್ಣನ ಕ್ಷಮೆ ಕೇಳಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದ. ಪ್ರತಿ ವಾರವೂ ನಾಲಿಗೆ ಏಳುತ್ತಿರಲಿಲ್ಲ.

ಈ ಭಾನುವಾರ ಬಿಟ್ಟರೆ ಇನ್ನು ಮುಂದೆ ಅದಕ್ಕೆ ಅವಕಾಶವಿರಲಿಲ್ಲ. ಎಮರಿಯ ಮೂತ್ರಪಿಂಡ ಕೈಕೊಟ್ಟಿತ್ತು. ನಾಳೆ ಅವನು ರ‍್ಯಾಪಿಡ್ ಸಿಟಿಗೆ ಹೋಗಿ ಡಯಾಲಿಸಿಸ್ ಶುರು ಮಾಡಿ, ಮಗಳ ಮನೆಯಲ್ಲೇ ಉಳಿಯುವವನಿದ್ದ. ಇನ್ನು ಕಾವು ಕೂಡದು ಎಂದು ಡಾಕ್ಟರು ಹೇಳಿಯಾಗಿತ್ತು. ಕೊನೆಯ ಸಲ ಒಂದೇ ಒಂದು ಇನಿಪಿ ಎಂದು ಎಮರಿ ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡಿದ್ದ.

ಬೆಳಿಗ್ಗೆಯೇ ವರ್ಡೆಲ್ ಗುಡಿಸಿಲಿನ ವಿಲೋ ಕೋಲುಗಳ ಕಟ್ಟು ಬಿಗಿ ಮಾಡಿದ, ಮೇಲೆ ಹಳೇ ಕಂಬಳಿ, ಟಾರ್ಪಾಲು ಹೊದಿಸಿದ, ಒಳಗೆ ನೆಲಕ್ಕೆ ಸೇಜ್ ಸೊಪ್ಪು ಹರಡಿದ. ಆಮೇಲೆ ಕೂತು ಇಪ್ಪತ್ತೆಂಟು ಕಲ್ಲುಗಳನ್ನೂ ಒಂದೊಂದಾಗಿ ತಟ್ಟಿ, ಕಿವಿಗೆ ಹಿಡಿದು ನೋಡಿದ.

"ಏನಂತಾರೆ ಅಜ್ಜಂದಿರು? ಕಲ್ಲಂಗಡಿ ಹಣ್ಣು ಆರಿಸೋ ಹಂಗೆ ತಟ್ತಾ ಇದ್ದೀರಲ್ಲ," ಎಂದಳು ಹೆಂಡತಿ ಅಲ್ವಿನಾ, ಮಾಂಸದ ಸಾರಿನ ಪಾತ್ರೆ ಇಳಿಸುತ್ತಾ.

"ಸುಮ್ನಿರೇ."

ಅವಳು ಸುಮ್ಮನಾಗಲಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಪುಟ್ಟ ಗಂಟನ್ನು ಅವನ ಅಂಗಿಯ ಜೇಬಿಗೆ ತುರುಕಿದಳು. "ಇವತ್ತೂ ಇದನ್ನ ವಾಪಸ್ ತಂದ್ರೆ ಬಸ್ಸಲ್ಲೇ ಮಲಗಿ, ಮನೆಗೆ ಬರ್ಬೇಡಿ."

ಮಧ್ಯಾಹ್ನ ನಂಟರ ಜೊತೆ ಎಮರಿ ಬಂದ. ಮುಖ ಬೂದಿ ಬಳಿದಂತಿತ್ತು, ಕಾಲು ಊದಿತ್ತು. ತಮ್ಮನ ಹೆಂಡತಿಯನ್ನು ಕಂಡದ್ದೇ ಬಾಯಿ ಮಾತ್ರ ಚುರುಕಾಯಿತು. "ಏನಮ್ಮಾ, ಇದು ಕಾಫಿನೋ, ನೆಲ ಒರೆಸಿದ ನೀರೋ?"

"ನಿಮ್ಮ ಮುಖಕ್ಕೆ ಇದೇ ಜಾಸ್ತಿ ಭಾವ. ಅಲ್ಲಿ ನರ್ಸಮ್ಮಂದಿರು ಇದನ್ನೂ ಕೊಡಲ್ಲ."

"ನನ್ನ ಅಂದ ನೋಡಿ ಸಾಲು ನಿಲ್ತಾರೆ, ನೋಡ್ತಿರು."

"ಇರೋದೊಂದು ಕಣ್ಣು. ಅದ್ರಲ್ಲಿ ಎಷ್ಟು ಜನಾನ ನೋಡ್ತೀರೋ!"

ಎಲ್ಲರೂ ನಕ್ಕರು, ಎಮರಿ ಎಲ್ಲರಿಗಿಂತ ಜೋರಾಗಿ. ವರ್ಡೆಲ್ ಬೆಂಕಿಗೆ ಇನ್ನೊಂದು ಕೊರಡು ಹಾಕಲು ಬಗ್ಗಿದ.

ಎಮರಿಯೂ ಸೇರಿ ಏಳು ಜನ ಅಂಬೆಗಾಲಿಕ್ಕಿ ಒಳಗೆ ಹೋದರು. ವರ್ಡೆಲ್ ಕವೆಗೋಲಿನಲ್ಲಿ ಮೊದಲ ಏಳು ಅಜ್ಜಂದಿರನ್ನು ಒಯ್ದು ಗುಂಡಿಗಿಳಿಸಿ ಬಾಗಿಲು ಮುಚ್ಚಿದ. ಇನಿಪಿಯಲ್ಲಿ ನಾಲ್ಕು ಸುತ್ತು. ಸುತ್ತು ಮುಗಿದಾಗ ಒಳಗಿನಿಂದ "ಮಿತಾಕುಯೆ ಓಯಾಸಿನ್" ಎಂಬ ಕೂಗು ಬರುತ್ತದೆ, ಎಲ್ಲರೂ ನನ್ನ ಬಂಧುಗಳು ಎಂದು. ಆ ಕೂಗು ಬಾಯಲ್ಲಿರುವಾಗಲೇ ಬಾಗಿಲು ತೆರೆಯಬೇಕು. ಒಳಗೆ ಬೇಯುತ್ತಿರುವವರು ಬಾಗಿಲು ಕಾಯುವವನನ್ನು ನಂಬಿ ಕೂತಿರುತ್ತಾರೆ. ಮೂವತ್ತು ವರ್ಷಗಳಲ್ಲಿ ವರ್ಡೆಲ್ ಒಮ್ಮೆಯೂ ತಡಮಾಡಿದವನಲ್ಲ.

ಮೊದಲ ಸುತ್ತಾಯಿತು, ಎರಡನೆಯದೂ ಆಯಿತು. ಬಾಗಿಲು ತೆರೆದಾಗಲೆಲ್ಲ ವರ್ಡೆಲ್‌ನ ಕೈ ಜೇಬಿಗೆ ಹೋಗಿ ಹಾಗೇ ವಾಪಸಾಯಿತು. ಮೂರನೆಯ ಸುತ್ತು ಪ್ರಾರ್ಥನೆಯದು. ಒಬ್ಬೊಬ್ಬರಾಗಿ ಹೇಳಿಕೊಂಡರು. ಕೊನೆಗೆ ಎಮರಿಯ ದನಿ ಬಂತು.

"ಅಜ್ಜಂದಿರಾ, ನಾಳೆಯಿಂದ ಮಿಷನ್ನು ನನ್ನ ರಕ್ತ ತೊಳೆಯುತ್ತೆ. ಅದು ತೊಳೆಯೋಕಾಗದ್ದು ಒಂದಿದೆ, ಇಲ್ಲೇ ಹೇಳ್ತೀನಿ. ಆ ಹಳ್ಳದ ಕಲ್ಲು ನನ್ನ ತಮ್ಮ ತಂದಿದ್ದಲ್ಲ. ನಾನು ತಂದಿದ್ದು. ಕೆಂಪಗೆ, ದುಂಡಗೆ ಚೆನ್ನಾಗಿತ್ತು. ನೀರು ಹಾಕೋನು ನಾನು, ನನಗೆ ಯಾರು ಹೇಳೋರು ಅಂತ ಅವನು ಬರೋಕೆ ಮುಂಚೆ ಸೌದೆ ಕೆಳಗೆ ಸೇರಿಸಿಬಿಟ್ಟೆ. ಕಣ್ಣು ಹೋದಾಗ ಅವನು ತನ್ನ ತಪ್ಪು ಅಂದ. ನಾನು ಸುಮ್ನಿದ್ದೆ. ಮೊದಲ ದಿನ ಸುಮ್ನಿದ್ದೋನು ಎರಡನೇ ದಿನ ಹೆಂಗೆ ಹೇಳ್ಲಿ? ಹಂಗೇ ಹತ್ತೊಂಬತ್ತು ವರ್ಷ ಆಗೋಯ್ತು."

ನೀರು ಬಿದ್ದು ಚುಯ್ಯೆಂದಿತು. "ಮಿತಾಕುಯೆ ಓಯಾಸಿನ್!"

ವರ್ಡೆಲ್‌ನ ಕೈ ಬಾಗಿಲಿನ ಕಂಬಳಿಯ ಮೇಲಿತ್ತು. ಅದು ಏಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು, ಹತ್ತೊಂಬತ್ತು ವರ್ಷಗಳ ಸಿಟ್ಟು ಒಟ್ಟಿಗೇ ಬಂದಿತ್ತು. ಅವ್ವನ ಇನಿಪಿ ನೆನಪಾಯಿತು. ಒಂದೊಂದು ಕಲ್ಲನ್ನೂ ಕಿವಿಗಿಟ್ಟುಕೊಂಡು ಕೂತ ಭಾನುವಾರಗಳು ನೆನಪಾದವು. ಒಳಗಿರುವವನು ಇನ್ನೊಂದಿಷ್ಟು ಬೇಯಲಿ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ಭಯವಾಯಿತು.

"ಮಿತಾಕುಯೆ ಓಯಾಸಿನ್! ಲೋ ವರ್ಡೆಲ್, ನಮ್ಮನ್ನ ಬೇಯಿಸ್ಕೊಂಡು ತಿಂತೀಯೇನೋ!" ಎಂದು ಒಳಗಿನಿಂದ ದೊಡ್ಡಪ್ಪನ ಮಗ ಟ್ರೂಮನ್ ಅರಚಿದ.

"ಬಿಡು ಟ್ರೂಮನ್," ಎಂದ ಎಮರಿ ಏದುಸಿರಿನಲ್ಲಿ. "ಅವನಿಗೆ ಯಾವಾಗ ಅನ್ಸುತ್ತೋ ಆಗ ತೆಗೀಲಿ."

ವರ್ಡೆಲ್ ಕಂಬಳಿಯನ್ನು ಕಿತ್ತೆಸೆಯುವಂತೆ ಎತ್ತಿದ. ಆವಿ ನುಗ್ಗಿ ಬಂತು. ಹಿಂದೆಯೇ ಎಮರಿ ಬಾಗಿಲಿನವರೆಗೆ ತೆವಳಿಕೊಂಡು ಬಂದು ಬರಿಗೈ ಚಾಚಿದ.

"ಕ್ಷಮೆ ಕೇಳೋಕೆ ಹೊಗೆಸೊಪ್ಪೂ ತಂದಿಲ್ಲ ಕಣೋ. ಹೇಳೋ ಧೈರ್ಯ ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ವರ್ಡೆಲ್ ಜೇಬಿನಿಂದ ಕೆಂಪು ಗಂಟು ತೆಗೆದು ಆ ಕೈಯಲ್ಲಿಟ್ಟ.

ಎಮರಿ ಅದನ್ನೇ ನೋಡಿದ. "ಇದ್ಯಾಕೆ ನಿನ್ನ ಹತ್ರ ಇತ್ತು?"

"ನಿನ್ನ ಕ್ಷಮೆ ಕೇಳೋಕೆ."

ಎಮರಿ ಅತ್ತ. ಇರುವ ಕಣ್ಣೂ ಇಲ್ಲದ ಕಣ್ಣೂ ಒಂದೇ ಸಮ ಒದ್ದೆಯಾದವು. ಆಮೇಲೆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನ ಕಡೆಗೇ ನೀಡಿದ.

ವರ್ಡೆಲ್ ತಕ್ಷಣ ತೆಗೆದುಕೊಳ್ಳಲಿಲ್ಲ. "ಅವ್ವನ ಇನಿಪಿಗೂ ನಾನು ಒಳಗೆ ಬರ್ಲಿಲ್ಲ. ಗೊತ್ತಾ ನಿಂಗೆ?"

"ಗೊತ್ತು."

"ಗೊತ್ತಿದ್ದೂ..."

"ಹೂಂ. ಗೊತ್ತಿದ್ದೂ."

ಬೆಂಕಿಯಲ್ಲಿ ಕೊರಡೊಂದು ಕುಸಿಯಿತು. ಎಮರಿ ಚಾಚಿದ ಕೈಯನ್ನು ಕೆಳಗಿಳಿಸಲಿಲ್ಲ. ವರ್ಡೆಲ್ ಗಂಟನ್ನು ತೆಗೆದುಕೊಂಡ.

ಪ್ರತಿ ವಾರ ಮೂರನೇ ಸುತ್ತಿಗೇ ಸೋತು ಹೊರಬೀಳುವ ಟ್ರೂಮನ್ ಇವತ್ತೂ ಹೊರಬಿದ್ದು ಹುಲ್ಲಿನ ಮೇಲೆ ಮಲಗಿದ್ದ. ವರ್ಡೆಲ್ ಕವೆಗೋಲನ್ನು ಅವನ ಕೈಗೆ ಕೊಟ್ಟ. "ಬಾಗಿಲು ನೋಡ್ಕೋ. ಕೂಗಿದ ತಕ್ಷಣ ತೆಗಿ."

"ಈ ಉಪದೇಶ ನೀನು ಮಾಡ್ತಿದ್ದೀಯಾ?" ಎಂದ ಟ್ರೂಮನ್.

ವರ್ಡೆಲ್ ಬೂಟು, ಅಂಗಿ ಬಿಚ್ಚಿದ. ಕೊನೆಯ ಏಳು ಕಲ್ಲುಗಳು ಒಳಗೆ ಹೋದ ಮೇಲೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ "ಮಿತಾಕುಯೆ ಓಯಾಸಿನ್" ಎಂದ. ಗುಂಡಿಯ ಸುತ್ತ ತೆವಳಿ ಬಂದು ಟ್ರೂಮನ್ ಬಿಟ್ಟುಹೋದ ಜಾಗದಲ್ಲಿ, ಅಣ್ಣನ ಕಣ್ಣಿಲ್ಲದ ಬದಿಯಲ್ಲಿ ಕೂತ. ಬಾಗಿಲು ಮುಚ್ಚಿತು. ಕತ್ತಲಲ್ಲಿ ಎಮರಿ ಕೈ ಚಾಚಿ ತಮ್ಮನ ಮಂಡಿಯನ್ನು ಮುಟ್ಟಿ ನೋಡಿದ. ಕೂತಿದ್ದಾನೆ ಎಂದು ಗಟ್ಟಿ ಮಾಡಿಕೊಂಡು, ಕಲ್ಲಿಗೆ ನೀರು ಹಾಕಿದ.